ನವೆಂಬರ್ 1ಕ್ಕೆ ಸಹಿ ಹಾಕೋ ಮುಂಚೆ: ಅರ್ಲಿ ಅಪ್ಲಿಕೇಶನ್ ಬಗ್ಗೆ ಆಡಿದ ಮಾತು

ಹೈಸ್ಕೂಲ್ ಮಕ್ಕಳ ಅಪ್ಪ-ಅಮ್ಮಂದಿರಿಗೆ ಅಂತ ನ್ಯೂಜೆರ್ಸಿಲಿ ನಮ್ಮ ಕನ್ನಡದವರು ಲೈಬ್ರರಿ ಹಾಲಲ್ಲಿ ಒಂದು ಸಭೆ ಇಟ್ಕೊಂಡಿದ್ರು. ಅಲ್ಲಿ ನಾನು ಮಾತಾಡಿದ್ದನ್ನ ಬರೆದು ಹಾಕಿ ಅಂತ ಸಭೆಗೆ ಬರಕ್ಕಾಗದವ್ರು ಕೇಳಿದ್ರು, ಬೆಂಗಳೂರಿಂದ ಜೂಮಲ್ಲಿ ಸೇರಿದ್ದ ಒಂದಷ್ಟು ಜನಾನೂ ಕೇಳಿದ್ರು. ಮಾತಾಡಿದ ಧಾಟೀಲೇ ಬರೆದಿದೀನಿ, ಕೊನೇಲಿ ಅಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನ ಸೇರಿಸಿದೀನಿ.

ಎಲ್ರಿಗೂ ನಮಸ್ಕಾರ.

ನವೆಂಬರ್ 1 ನಮಗೆಲ್ಲ ರಾಜ್ಯೋತ್ಸವದ ದಿನ. ಆದ್ರೆ ಮನೇಲಿ ಹನ್ನೆರಡನೇ ಕ್ಲಾಸಿನ ಮಗನೋ ಮಗಳೋ ಇದ್ದು ಅಮೆರಿಕದ ದೊಡ್ಡ ಕಾಲೇಜುಗಳ ಮೇಲೆ ಕಣ್ಣಿಟ್ಟಿದ್ರೆ ಅದೇ ದಿನ ರಾತ್ರಿ ಅರ್ಲಿ ಅಪ್ಲಿಕೇಶನ್ನಿಗೂ, ಅಂದ್ರೆ ಮಾಮೂಲಿ ಗಡುವಿಗಿಂತ ಮುಂಚೆನೇ ಅರ್ಜಿ ಹಾಕೋದಕ್ಕೂ, ಕೊನೆ. ಬಹಳಷ್ಟು ಕಾಲೇಜಿಗೆ ಅದೇ ತಾರೀಖು, ಕೆಲವಕ್ಕೆ ನವೆಂಬರ್ 15. ಉತ್ತರ ಡಿಸೆಂಬರ್ ಮಧ್ಯದಲ್ಲಿ ಬರತ್ತೆ. ರೆಗ್ಯುಲರ್ ರೌಂಡಲ್ಲಿ ಹಾಕಿದ್ರೆ ಜನವರಿ ಮೊದಲ ವಾರದ ಹೊತ್ತಿಗೆ ಗಡುವು, ಉತ್ತರ ಮಾರ್ಚ್ ಕೊನೆಗೆ, ಬಂದ ಸೀಟುಗಳನ್ನೆಲ್ಲ ಮುಂದಿಟ್ಕೊಂಡು ಯೋಚ್ನೆ ಮಾಡಕ್ಕೆ ಮೇ 1ರ ತನಕ ಟೈಮು.

ಇಲ್ಲಿ ಕೂತಿರೋ ಮುಕ್ಕಾಲು ಜನ ಬಂದಿರೋದು "ಅರ್ಲಿ ಹಾಕಿದ್ರೆ ಸೀಟ್ ಸಿಗೋ ಚಾನ್ಸ್ ಜಾಸ್ತಿನಾ" ಅಂತ ತಿಳ್ಕೊಳಕ್ಕೆ. ಹೌದು, ಕೆಲವು ಕಡೆ ಜಾಸ್ತಿ, ನಂಬರ್ ಸಮೇತ ತೋರಿಸ್ತೀನಿ. ಆದ್ರೆ ಅದು ಮೂರನೇ ಪ್ರಶ್ನೆ. ಅದಕ್ಕಿಂತ ಮುಂಚೆ ದುಡ್ಡಿನ ಪ್ರಶ್ನೆ ಇದೆ, ಅದಾದ್ಮೇಲೆ ಮಗುಗೆ ನಿಜವಾಗ್ಲೂ ಅಲ್ಲಿ ಹೋಗ್ಬೇಕಾ ಅನ್ನೋದು. ನಮ್ಮ ಮನೆಗಳಲ್ಲಿ ಈ ಮೂರನ್ನೂ ಉಲ್ಟಾ ಕೇಳ್ತೀವಿ, ಚಾನ್ಸ್ ಎಲ್ಲಿ ಜಾಸ್ತಿ ಅಂತ ಹುಡುಕಿ ಕಾಲೇಜ್ ಆರಿಸ್ತೀವಿ, ಆಮೇಲೆ ಆ ಕಾಲೇಜ್ ಮಗುಗೆ ಇಷ್ಟ ಅಂತ ನಂಬಿಸ್ಕೋತೀವಿ, ದುಡ್ಡಿನ ಮಾತು ಡಿಸೆಂಬರ್‌ನಲ್ಲಿ ಲೆಟರ್ ಬಂದ್ಮೇಲೆ. ಅಷ್ಟೊತ್ತಿಗೆ ಸಹಿ ಬಿದ್ದಿರತ್ತೆ.

ಬಗೆಗಳನ್ನ ಬೇಗ ಹೇಳಿ ಮುಗಿಸ್ತೀನಿ. ಅರ್ಲಿ ಡಿಸಿಷನ್ ಅಂದ್ರೆ ಬೈಂಡಿಂಗ್, ಹೀಗೆ ಒಂದೇ ಒಂದು ಕಾಲೇಜಿಗೆ ಹಾಕ್ಬಹುದು, ಸಿಕ್ಕಿದ್ರೆ ಸೇರ್ಲೇಬೇಕು, ಬೇರೆ ಎಲ್ಲಾ ಅಪ್ಲಿಕೇಶನ್ ವಾಪಸ್ ತಗೋಬೇಕು. ಬ್ರೌನ್, ಕೊಲಂಬಿಯಾ, ಕಾರ್ನೆಲ್, ಪೆನ್, ಡಾರ್ಟ್‌ಮತ್, ಡ್ಯೂಕ್, ನಾರ್ತ್‌ವೆಸ್ಟರ್ನ್, ರೈಸ್, ಕಾರ್ನೆಗಿ ಮೆಲನ್ ಇವೆಲ್ಲ ಈ ಗುಂಪು. ಅರ್ಲಿ ಆಕ್ಷನ್ ಅಂದ್ರೆ ಬೇಗ ಹಾಕು, ಬೇಗ ಉತ್ತರ ತಗೋ, ಸೇರೋದು ಬಿಡೋದು ಮೇ ತಿಂಗಳಲ್ಲಿ ನಿನ್ನಿಷ್ಟ. ಎಂಐಟಿ ಹೀಗೆ, ಪರ್ಡ್ಯೂ, ಇಲ್ಲಿನಾಯ್ಸ್, ಜಾರ್ಜಿಯಾ ಟೆಕ್ ಥರದ ಸರ್ಕಾರಿ ಯೂನಿವರ್ಸಿಟಿಗಳೂ ಹೀಗೇ, ಅಲ್ಲಿಗೆ ಹಾಕೋ ಮನಸ್ಸಿದ್ರೆ ಯೋಚ್ನೆನೇ ಬೇಡ, ಬೇಗ ಹಾಕ್ಬಿಡಿ. ಇವೆರಡರ ಮಧ್ಯೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಇವೆ. ಸಿಕ್ಕಿದ್ರೆ ಸೇರ್ಲೇಬೇಕು ಅಂತ ಇಲ್ಲ, ಆದ್ರೆ ಅದೇ ಹೊತ್ತಲ್ಲಿ ಇನ್ನೊಂದು ಪ್ರೈವೇಟ್ ಕಾಲೇಜಿಗೆ ಅರ್ಲಿ ಹಾಕೋ ಹಾಗಿಲ್ಲ. ಸರ್ಕಾರಿ ಯೂನಿವರ್ಸಿಟಿಗೆ ಬೈಂಡಿಂಗ್ ಅಲ್ಲದ ಅರ್ಲಿ ಹಾಕ್ಬಹುದು, ಇಂಗ್ಲೆಂಡು ಕೆನಡಾಕ್ಕೂ ಹಾಕ್ಬಹುದು. ಕ್ಯಾಲಿಫೋರ್ನಿಯಾ ಕಡೆಯಿಂದ ಜೂಮಲ್ಲಿ ಇರೋರಿಗೆ ಒಂದು ಮಾತು: ಬರ್ಕ್ಲಿ, ಯುಸಿಎಲ್‌ಎ ಸೇರಿ ಯುಸಿ ಕಾಲೇಜುಗಳಲ್ಲಿ ಅರ್ಲಿ ಅನ್ನೋದೇ ಇಲ್ಲ, ಎಲ್ರಿಗೂ ನವೆಂಬರ್ ಕೊನೆ ಹೊತ್ತಿನ ಒಂದೇ ಗಡುವು, ಅದನ್ನ ಈ ಲೆಕ್ಕದಿಂದ ಹೊರಗಿಡಿ. ಸರ್ಕಾರಿದು ಅಂದ್ರೆ ಬೈಂಡಿಂಗ್ ಇರಲ್ಲ ಅಂತಾನೂ ಅಂದ್ಕೋಬೇಡಿ, ಮಿಶಿಗನ್ ಯೂನಿವರ್ಸಿಟಿ 2025ರಲ್ಲಿ ಅರ್ಲಿ ಡಿಸಿಷನ್ ಶುರು ಮಾಡಿದೆ.

ಇನ್ನು ನಾನಿವತ್ತು ಮಾತಾಡೋದು ಬಹುಪಾಲು ಬೈಂಡಿಂಗ್ ಇರೋದರ ಬಗ್ಗೆನೇ, ಯಾಕಂದ್ರೆ ಕಷ್ಟ ಬರೋದು ಅಲ್ಲಿ.

ದುಡ್ಡು. ಈಗ ದೊಡ್ಡ ಪ್ರೈವೇಟ್ ಕಾಲೇಜುಗಳಲ್ಲಿ ಫೀಸು, ರೂಮು, ಊಟ ಎಲ್ಲ ಸೇರಿ ವರ್ಷಕ್ಕೆ 90,000 ಡಾಲರ್ ದಾಟಿದೆ. ನಾಲ್ಕು ವರ್ಷಕ್ಕೆ 3,60,000 ಡಾಲರ್, ಅದೂ ಪ್ರತಿ ವರ್ಷ ಏರಲ್ಲ ಅಂದ್ಕೊಂಡ್ರೆ. ಡಾಲರಿಗೆ 85 ರೂಪಾಯಿ ಅಂತ ಹಿಡಿದ್ರೂ 3 ಕೋಟಿ ಮೇಲೆ. ಇಲ್ಲಿ ನ್ಯೂಜೆರ್ಸಿಯವರಿಗೆ ರಟ್ಗರ್ಸ್ ಅದರ ಅರ್ಧಕ್ಕಿಂತ ಕಡಿಮೆಗೆ ಆಗತ್ತೆ. ಮೇ ತನಕ ಕಾದ್ರೆ ಈ ಎರಡನ್ನೂ, ಜೊತೆಗೆ ಮೆರಿಟ್ ಸ್ಕಾಲರ್‌ಶಿಪ್ ಕೊಟ್ಟಿರೋ ಇನ್ನೊಂದೆರಡು ಕಾಲೇಜನ್ನೂ ಡೈನಿಂಗ್ ಟೇಬಲ್ ಮೇಲೆ ಹರಡ್ಕೊಂಡು ನೋಡ್ಬಹುದು. ಅರ್ಲಿ ಡಿಸಿಷನ್ನಲ್ಲಿ ಆ ಅವಕಾಶವನ್ನೇ ಬಿಟ್ಕೊಡ್ತೀರಿ. ಖಾತಾ, ಇಸಿ ಏನೂ ನೋಡದೆ ಸೈಟಿಗೆ ಅಡ್ವಾನ್ಸ್ ಕೊಟ್ಟ ಹಾಗೆ ಅದು. ಹಾರ್ವರ್ಡ್, ಯೇಲ್, ಬ್ರೌನ್ ಥರದ ಹಳೇ ಹೆಸರಾಂತ ಕಾಲೇಜುಗಳ ಗುಂಪಾದ ಐವಿ ಲೀಗ್‌ನ ಎಂಟೂ ಕಾಲೇಜುಗಳು ಮೆರಿಟ್ ಸ್ಕಾಲರ್‌ಶಿಪ್ ಕೊಡೋದೇ ಇಲ್ಲ, ಮನೆ ಆದಾಯ ನೋಡಿ ಕೊಡೋ ನೀಡ್ ಏಡ್ ಅನ್ನೋ ಧನಸಹಾಯ ಮಾತ್ರ. ಮಗು ಎಷ್ಟೇ ಜಾಣ ಆಗಿದ್ರೂ ಅದಕ್ಕೆ ಅಂತ ಅಲ್ಲಿ ಒಂದು ಡಾಲರೂ ಕಡಿಮೆ ಮಾಡಲ್ಲ, ಇದು ತುಂಬ ಜನಕ್ಕೆ ಗೊತ್ತಿರಲ್ಲ.

"ಏಡ್ ಸಾಕಾಗ್ಲಿಲ್ಲ ಅಂದ್ರೆ ಬಿಟ್ಬಿಡಬಹುದಲ್ವಾ" ಅಂತ ಕೇಳ್ತಾರೆ. ಹೌದು, ಒಂದೇ ಫಾರಮ್ಮಲ್ಲಿ ಹಲವು ಕಾಲೇಜಿಗೆ ಅರ್ಜಿ ಹಾಕೋ ಕಾಮನ್ ಆಪಿನ ಒಪ್ಪಂದದಲ್ಲೇ ಅದು ಇದೆ, ಏಡಿಗೆ ಅಪ್ಲೈ ಮಾಡಿದ್ದು ಬಂದ ಏಡಲ್ಲಿ ಓದಿಸಕ್ಕೆ ಆಗಲ್ಲ ಅಂದ್ರೆ ಸೀಟ್ ಬೇಡ ಅಂತ ಹೇಳ್ಬಹುದು. ಆದ್ರೆ ಆ ಹೊತ್ತಲ್ಲಿ ನಿಮ್ಮ ಪರಿಸ್ಥಿತಿ ನೋಡಿ. ಡಿಸೆಂಬರ್ 15ಕ್ಕೆ ಲೆಟರ್ ಬಂದಿದೆ, ಮಗು ಕುಣಿದಾಡ್ತಿದೆ, ಮೈಸೂರಿಂದ ಅಜ್ಜಿ ವಿಡಿಯೋ ಕಾಲಲ್ಲಿ ಆಶೀರ್ವಾದ ಮಾಡಿದಾರೆ, ವಾಟ್ಸಾಪ್ ಗ್ರೂಪೆಲ್ಲ ಕಂಗ್ರಾಟ್ಸ್. ಆಗ ನೀವು ಅಪ್ಪ-ಅಮ್ಮ ಕೂತು ಏಡ್ ಲೆಟರ್ ಓದ್ತಿದೀರಿ, ಹೋಲಿಸಿ ನೋಡಕ್ಕೆ ಕೈಯಲ್ಲಿ ಇನ್ನೊಂದು ಆಫರ್ ಇಲ್ಲ, ಕೆಲವೇ ವಾರದಲ್ಲಿ ಡೆಪಾಸಿಟ್ ಕಟ್ಬೇಕು. ಆ ಘಳಿಗೇಲಿ "ಬೇಡ" ಅಂದ ಮನೆ ನಾನು ನೋಡಿರೋದು ಬಹಳ ಕಡಿಮೆ. ಸಾಲ ಮಾಡಿ ಹೂಂ ಅಂದಿದಾರೆ, ರಿಟೈರ್ಮೆಂಟ್ ದುಡ್ಡು ಮುರಿದು ಹೂಂ ಅಂದಿದಾರೆ. ಏಡಿಗೆ ಅಪ್ಲೈನೇ ಮಾಡಿಲ್ಲ ಅಂದ್ರೆ ಈ ಬಾಗಿಲೂ ಇಲ್ಲ, ಅದನ್ನೂ ನೆನಪಲ್ಲಿ ಇಟ್ಕೊಳ್ಳಿ.

ಅದಕ್ಕೇ ನಾನು ಹೇಳೋದು, ಆಗಸ್ಟ್ ತಿಂಗಳಲ್ಲಿ ಒಂದು ಭಾನುವಾರ ಇದಕ್ಕೆ ಅಂತ ಎತ್ತಿಡಿ. ಅಮೆರಿಕದ ಹೆಚ್ಚುಕಮ್ಮಿ ಪ್ರತಿ ಕಾಲೇಜಿನ ವೆಬ್‌ಸೈಟಲ್ಲೂ, ಏಡ್ ಕಳೆದು ನಿಮ್ಮ ಮನೆಗೆ ಎಷ್ಟು ಖರ್ಚು ಬೀಳತ್ತೆ ಅಂತ ಲೆಕ್ಕ ಹಾಕೋ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಅಂತ ಇರತ್ತೆ, 2011ರಿಂದ ಕಾನೂನು ಪ್ರಕಾರ ಇರ್ಲೇಬೇಕು. ಹೋದ ವರ್ಷದ ಟ್ಯಾಕ್ಸ್ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ಸಾಲ ಎಷ್ಟು ಬಾಕಿ ಇದೆ ಅನ್ನೋ ಕಾಗದ ಇಟ್ಕೊಂಡು ಗಂಡ ಹೆಂಡ್ತಿ ಇಬ್ರೂ ಕೂತ್ಕೊಳ್ಳಿ, ಮಗುನೂ ಕೂರಿಸ್ಕೊಳ್ಳಿ. ಮಕ್ಕಳ ಮುಂದೆ ಸಂಬಳದ ಮಾತಾಡೋದು ನಮ್ಮಲ್ಲಿ ಅಭ್ಯಾಸ ಇಲ್ಲ, ಗೊತ್ತು, ಆದ್ರೆ ಹದಿನೇಳು ವರ್ಷದ ಮಗು ಸಹಿ ಹಾಕೋ ಒಪ್ಪಂದ ಇದು, ಅದಕ್ಕೂ ಬೆಲೆ ಗೊತ್ತಿರ್ಬೇಕು. ಆದಾಯ ಕೇಳತ್ತೆ, ಸೇವಿಂಗ್ಸ್ ಕೇಳತ್ತೆ, ಇರೋ ಮನೆ ಇವತ್ತಿಗೆ ಎಷ್ಟು ಬಾಳತ್ತೆ ಅಂತ ಕೆಲವು ಕಾಲೇಜು ಕೇಳತ್ತೆ, ಕೆಲವು ಬಿಟ್ಬಿಡತ್ತೆ. ಅಷ್ಟು ಹಾಕಿ ಒತ್ತಿದ್ರೆ ಒಂದು ನಂಬರ್ ಬರತ್ತೆ, ಅದು ಅಂದಾಜು ಮಾತ್ರ, ಆದ್ರೂ ಏನೂ ಇಲ್ಲದೆ ಇರೋದಕ್ಕಿಂತ ಸಾವಿರ ಪಾಲು ಮೇಲು.

ಇಲ್ಲಿ ನಮ್ಮವರಿಗೆ ಅಂತಲೇ ಒಂದು ಮಾತು ಇದೆ. ಏಡ್ ಕೇಳಕ್ಕೆ ಅಂತ ಆಮೇಲೆ ತುಂಬೋ ಸಿಎಸ್ಎಸ್ ಪ್ರೊಫೈಲ್ ಅನ್ನೋ ಫಾರಮ್ಮಲ್ಲಿ ನೀವಿರೋ ಮನೆ ಬಿಟ್ಟು ಬೇರೆ ಆಸ್ತಿ ಏನಿದೆ ಅಂತಾನೂ ಕೇಳ್ತಾರೆ. ಮೈಸೂರಲ್ಲಿ ತಗೊಂಡಿಟ್ಟ ಸೈಟು, ವೈಟ್‌ಫೀಲ್ಡಲ್ಲಿ ಬಾಡಿಗೆಗೆ ಕೊಟ್ಟ ಫ್ಲಾಟು ಎಲ್ಲ ಅದರೊಳಗೆ ಬರತ್ತೆ. ಆ ಸೈಟು ಮಾರಕ್ಕೂ ಆಗ್ತಿಲ್ಲ, ಅದರಿಂದ ಒಂದು ರೂಪಾಯಿ ಬರ್ತಾನೂ ಇಲ್ಲ, ಆದ್ರೆ ಕಾಲೇಜಿನ ಕಣ್ಣಲ್ಲಿ ಅದು ನೀವು ಫೀಸಿಗೆ ಬಳಸಬಹುದಾದ ಆಸ್ತಿ. ಕ್ಯಾಲ್ಕುಲೇಟರಲ್ಲಿ ಇದನ್ನ ಬಿಟ್ಟು ಲೆಕ್ಕ ಹಾಕಿ ಖುಷಿ ಪಟ್ಕೊಂಡ್ರೆ ಡಿಸೆಂಬರ್‌ನಲ್ಲಿ ಬೇರೆ ನಂಬರ್ ಬರತ್ತೆ. ಮುಚ್ಚಿಡೋ ಯೋಚ್ನೆ ಮಾಡ್ಬೇಡಿ, ಅದು ತಪ್ಪು, ಸಿಕ್ಕಿದ ಸೀಟೇ ಹೋಗ್ಬಹುದು.

ಇತ್ತೀಚೆಗೆ ಕೆಲವು ಕಾಲೇಜುಗಳು ದೊಡ್ಡ ಘೋಷಣೆ ಮಾಡಿವೆ. 2025ರಿಂದ ಎಂಐಟಿ, ಹಾರ್ವರ್ಡ್ ಎರಡರಲ್ಲೂ ಮನೆ ಆದಾಯ 2 ಲಕ್ಷ ಡಾಲರಿಗಿಂತ ಕಡಿಮೆ ಇದ್ದು ಆಸ್ತಿನೂ ಸಾಮಾನ್ಯ ಮಟ್ಟದಲ್ಲಿದ್ರೆ ಟ್ಯೂಷನ್, ಅಂದ್ರೆ ಓದಿನ ಫೀಸು, ಫ್ರೀ. ಒಳ್ಳೇದೇ. ಆದ್ರೆ ಗಂಡ ಹೆಂಡ್ತಿ ಇಬ್ರೂ ಐಟೀಲಿ ಇರೋ ಮನೆಗಳು ಆ ಗೆರೆ ದಾಟಿರ್ತವೆ, ಮಾರ್ಟ್‌ಗೇಜು, ಊರಿಗೆ ಕಳಿಸೋ ದುಡ್ಡು, ಎರಡನೇ ಮಗು ಇವೆಲ್ಲ ಆದ್ಮೇಲೆ ಕೈಯಲ್ಲಿ ವರ್ಷಕ್ಕೆ 90,000 ಉಳಿಯೋದು ಕನಸು. ಕಾಗದದ ಮೇಲೆ ಶ್ರೀಮಂತರು, ಬ್ಯಾಂಕಲ್ಲಿ ಅಲ್ಲ. ಅರ್ಲಿ ಡಿಸಿಷನ್ನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನೋದು ಈ ಮಧ್ಯದವರು, ಅಂದ್ರೆ ಇಲ್ಲಿ ಕೂತಿರೋ ನಮ್ಮಲ್ಲಿ ಬಹಳಷ್ಟು ಜನ.

ಎಚ್-4 ಮಕ್ಕಳ, ಅಂದ್ರೆ ಅಪ್ಪನೋ ಅಮ್ಮನೋ ಎಚ್-1ಬಿ ಕೆಲಸದ ವೀಸಾದಲ್ಲಿದ್ದು ಅವರ ಜೊತೆ ಬಂದ ಮಕ್ಕಳ, ವಿಷಯ ಬೇರೆಯಾಗೇ ಹೇಳ್ಬೇಕು. ಗ್ರೀನ್ ಕಾರ್ಡ್ ಕ್ಯೂನಲ್ಲಿ ಹತ್ತು ಹದಿನೈದು ವರ್ಷದಿಂದ ನಿಂತಿರೋ ಮನೆಗಳು ನಮ್ಮಲ್ಲಿ ಎಷ್ಟಿಲ್ಲ. ಮಗು ಮೂರನೇ ವಯಸ್ಸಿಗೆ ಇಲ್ಲಿಗೆ ಬಂದಿದೆ, ಇಲ್ಲೇ ಓದಿದೆ, ಮಾತು ಪೂರ್ತಿ ಇಲ್ಲಿಂದೇ, ಆದ್ರೆ ಕಾಲೇಜಿನ ಫಾರಮ್ಮಲ್ಲಿ ಬಹಳಷ್ಟು ಕಡೆ ಅದು ಇಂಟರ್‌ನ್ಯಾಷನಲ್. ಅಮೆರಿಕ ಸರ್ಕಾರ ಕೊಡೋ ಫೆಡರಲ್ ಏಡ್ ಇಲ್ಲ. ಇಂಟರ್‌ನ್ಯಾಷನಲ್ ಮಕ್ಕಳ ವಿಷಯದಲ್ಲಿ ಮಗು ಏಡ್ ಕೇಳಿದ್ಯಾ ಇಲ್ವಾ ಅನ್ನೋದನ್ನ ಅಡ್ಮಿಶನ್ ತೀರ್ಮಾನದಲ್ಲಿ ನೋಡದೇ ಇರೋ ಕಾಲೇಜು ಬೆರಳೆಣಿಕೆ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, 2022ರಲ್ಲಿ ಸೇರ್ಕೊಂಡ ಡಾರ್ಟ್‌ಮತ್, ಬೋಡನ್, ಇನ್ನೊಂದೆರಡು. ಕೊಲಂಬಿಯಾ, ಕಾರ್ನೆಲ್, ಪೆನ್, ಸ್ಟ್ಯಾನ್‌ಫರ್ಡ್ ಇವೆಲ್ಲ ನೋಡ್ತವೆ, ಏಡ್ ಬೇಕು ಅಂತ ಟಿಕ್ ಮಾಡಿದ್ರೆ ಚಾನ್ಸ್ ಕಡಿಮೆ ಆಗತ್ತೆ.

ಆಗ ಏನ್ಮಾಡ್ತಾರೆ, "ಬೇಡ" ಅಂತ ಟಿಕ್ ಮಾಡಿ, ಸೇರಿದ್ಮೇಲೆ ಎರಡನೇ ವರ್ಷ ಕೇಳಿದ್ರಾಯ್ತು ಅಂತಾರೆ. ದಯವಿಟ್ಟು ಇದನ್ನ ಮಾಡ್ಬೇಡಿ. ಅಪ್ಲೈ ಮಾಡುವಾಗ ಏಡ್ ಕೇಳದ ಇಂಟರ್‌ನ್ಯಾಷನಲ್ ಸ್ಟೂಡೆಂಟಿಗೆ ಮುಂದೆ ನಾಲ್ಕು ವರ್ಷವೂ ಏಡ್ ಇಲ್ಲ ಅನ್ನೋ ನಿಯಮ ಹಲವು ಕಾಲೇಜಲ್ಲಿ ಇದೆ. ಇನ್ನೂ ಒಂದು, ಇಪ್ಪತ್ತೊಂದು ತುಂಬಿದ ದಿನ ಎಚ್-4 ಮುಗಿಯತ್ತೆ, ಮಗು ಎಫ್-1 ಅನ್ನೋ ಸ್ಟೂಡೆಂಟ್ ವೀಸಾಗೆ ಹೋಗ್ಬೇಕು, ಅದು ಕಾಲೇಜಿನ ಮಧ್ಯದಲ್ಲೇ ಬರತ್ತೆ. ಅಪ್ಪನ ಕೆಲಸ ಹೋದ್ರೆ ಅದಕ್ಕೂ ಮುಂಚೆನೇ ಕಷ್ಟ. ಇಷ್ಟು ಅನಿಶ್ಚಿತ ಇರೋ ಮನೆ ಬೈಂಡಿಂಗ್ ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ ಆ ಕಾಲೇಜಿಗೆ ಇಮೇಲ್ ಮಾಡಿ "ಎಚ್-4 ಮಕ್ಕಳನ್ನ ಅಡ್ಮಿಶನ್ನಿಗೆ ಯಾವ ಗುಂಪಲ್ಲಿ ನೋಡ್ತೀರಿ, ಏಡಿಗೆ ಯಾವ ಗುಂಪಲ್ಲಿ ನೋಡ್ತೀರಿ" ಅಂತ ಎರಡನ್ನೂ ಬರಹದಲ್ಲಿ ಕೇಳಿ ತಗೊಳ್ಳಿ. ಅವ್ರು ಉತ್ತರ ಕೊಡ್ತಾರೆ, ಕೇಳಿದ್ದಕ್ಕೆ ಮಗು ಮೇಲೆ ಯಾರೂ ಬೇಜಾರು ಮಾಡ್ಕೊಳಲ್ಲ.

ಸರಿ, ದುಡ್ಡಿನ ಲೆಕ್ಕ ಆಯ್ತು, ಏಡ್ ಬಂದ್ರೂ ಬರದಿದ್ರೂ ಇಷ್ಟು ಕೊಡಕ್ಕಾಗತ್ತೆ ಅಂತ ಗಟ್ಟಿಯಾಯ್ತು ಅಂದ್ಕೊಳ್ಳಿ. ಈಗ ಮಗು.

ಹದಿನೇಳರ ಮಗುಗೆ ಏನು ಇಷ್ಟ ಅಂತ ಪತ್ತೆ ಮಾಡೋದು ಸುಲಭ ಅಲ್ಲ. "ನಿಂಗೆ ಎಲ್ಲಿ ಇಷ್ಟ" ಅಂತ ಕೇಳಿದ್ರೆ ಫ್ರೆಂಡ್ ಎಲ್ಲಿ ಹಾಕ್ತಿದಾನೆ, ಹೋದ ವರ್ಷ ಅಣ್ಣನಿಗೆ ಎಲ್ಲಿ ಸಿಕ್ತು ಇದೇ ಬರತ್ತೆ. ನಾನು ಮಕ್ಕಳ ಹತ್ರ ಕಾಲೇಜಿನ ಹೆಸರು ಕೇಳೋದೇ ಇಲ್ಲ, ಕೋರ್ಸ್ ಪಟ್ಟಿ ತೆಗೆದು ಕೂರಿಸ್ತೀನಿ. ಒಂದು ಹುಡುಗಿ, ನಮಗೆ ಗೊತ್ತಿರೋ ಮನೆಯವಳು, ಬ್ರೌನ್ ಇಲ್ಲಾ ಕೊಲಂಬಿಯಾ ಎರಡರಲ್ಲೊಂದು ಅರ್ಲಿ ಅಂದ್ಳು. ಎರಡೂ ಐವಿ, ಎರಡೂ ಮನೆಗೆ ಹತ್ರ, ಅದೇ ಕಾರಣ. ಬ್ರೌನಲ್ಲಿ 1969ರಿಂದ ಓಪನ್ ಕರಿಕ್ಯುಲಮ್, ಆರಿಸ್ಕೊಂಡ ಮುಖ್ಯ ವಿಷಯಕ್ಕೆ ಬೇಕಾದ್ದು ಬಿಟ್ರೆ ಇದನ್ನ ತಗೋ ಅದನ್ನ ತಗೋ ಅಂತ ಯಾರೂ ಹೇಳಲ್ಲ. ಕೊಲಂಬಿಯಾ ಕಾಲೇಜಲ್ಲಿ ಪೂರಾ ಉಲ್ಟಾ, ಕೋರ್ ಅಂತ ಇದೆ, ನೀನು ಗಣಿತ ಓದು ಕೆಮಿಸ್ಟ್ರಿ ಓದು, ಹೋಮರ್‌ನಿಂದ ಶುರು ಮಾಡಿ ಸಾಹಿತ್ಯ, ತತ್ವಶಾಸ್ತ್ರ, ಸಂಗೀತ, ಚಿತ್ರಕಲೆ ಎಲ್ಲಾ ಸಣ್ಣ ಕ್ಲಾಸಲ್ಲಿ ಕೂತು ಓದಿ ಚರ್ಚೆ ಮಾಡ್ಲೇಬೇಕು. ಎರಡರ ಪಟ್ಟಿನೂ ಪಕ್ಕ ಪಕ್ಕ ಇಟ್ಟು "ಮೊದಲ್ನೇ ಎರಡು ವರ್ಷ ಏನೇನು ತಗೋತೀಯ ಬರಿ" ಅಂದೆ. ಬ್ರೌನಿನ ಹಾಳೆ ತುಂಬಕ್ಕೆ ಅವಳಿಗೆ ಕೈಯೇ ಓಡ್ಲಿಲ್ಲ, ಏನು ಬೇಕಾದ್ರೂ ತಗೋಬಹುದು ಅಂದ್ರೆ ಏನು ತಗೊಳ್ಳಿ ಅಂತ ಕೇಳಿದ್ಳು. ಕೊಲಂಬಿಯಾದ ಪುಸ್ತಕಗಳ ಪಟ್ಟಿ ನೋಡ್ತಾ ನೋಡ್ತಾ ಇದನ್ನೆಲ್ಲ ಓದಿಸ್ತಾರಾ ಅಂತ ಕಣ್ಣರಳಿಸಿದ್ಳು. ಅದಾದ್ಮೇಲೆ ಅವಳಿಗೆ ನಾನೇನೂ ಹೇಳ್ಬೇಕಾಗ್ಲಿಲ್ಲ.

ಎಲ್ಲಾ ಮಕ್ಕಳಿಗೂ ಹೀಗೆ ಸ್ಪಷ್ಟ ಆಗಲ್ಲ. ಸೆಪ್ಟೆಂಬರ್ ಕೊನೆ ಆದ್ರೂ ನಾಲ್ಕು ಕಾಲೇಜೂ ಒಂದೇ ಥರ ಕಾಣ್ತಿದ್ರೆ ಅದು ಮಗುವಿನ ತಪ್ಪಲ್ಲ, ರೆಗ್ಯುಲರ್ ರೌಂಡ್ ಇರೋದೇ ಅಂಥವ್ರಿಗೆ. ಆಗ ಅಪ್ಪ-ಅಮ್ಮ ಒತ್ತಡ ಹಾಕಿ ಒಂದನ್ನ ಆರಿಸೋದು ಬೇಡ. ಏಪ್ರಿಲ್ ಅಷ್ಟೊತ್ತಿಗೆ ಆ ಮಗು ಇನ್ನೂ ಆರು ತಿಂಗಳು ದೊಡ್ಡದಾಗಿರತ್ತೆ, ಆ ವಯಸ್ಸಲ್ಲಿ ಆರು ತಿಂಗಳು ಅಂದ್ರೆ ಸಣ್ಣದಲ್ಲ. ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಬಿಟ್ರೆ ಜೀವನ ಇಲ್ಲ ಅಂತಿದ್ದ ಮಕ್ಕಳು ಮಾರ್ಚಲ್ಲಿ ಎಕನಾಮಿಕ್ಸ್ ಅಂದಿದ್ದನ್ನ ನೋಡಿದೀನಿ.

ಈಗ ಬನ್ನಿ ಚಾನ್ಸಿನ ವಿಷಯಕ್ಕೆ. 2023ರ ನವೆಂಬರಲ್ಲಿ ಬ್ರೌನಿಗೆ ಅರ್ಲಿ ಡಿಸಿಷನ್ ಹಾಕಿದವರು 6,244 ಜನ, ಸಿಕ್ಕಿದ್ದು 898 ಜನಕ್ಕೆ, ಅಂದ್ರೆ ಶೇಕಡ 14.4. ಅದೇ ವರ್ಷ ರೆಗ್ಯುಲರಲ್ಲಿ ಸಿಕ್ಕಿದ್ದು ಶೇಕಡ 3.8ರ ಹತ್ರ. ಮೇಲ್ನೋಟಕ್ಕೆ ಸುಮಾರು ನಾಲ್ಕು ಪಟ್ಟು. ಅಲ್ಲಿ ಮೊದಲ ವರ್ಷಕ್ಕೆ ಸೇರೋದು ಸುಮಾರು 1,700 ಮಕ್ಕಳು, ಅಂದ್ರೆ ಅರ್ಧಕ್ಕಿಂತ ಹೆಚ್ಚು ಸೀಟು ಡಿಸೆಂಬರಲ್ಲೇ ತುಂಬಿಹೋಗಿದೆ. ಈಗ ಅದೇ ವರ್ಷ ಎಂಐಟಿ ನೋಡಿ, ಬೈಂಡಿಂಗ್ ಅಲ್ಲದ ಅರ್ಲಿ. 12,563 ಜನ ಹಾಕಿ 661 ಜನಕ್ಕೆ ಸಿಕ್ತು, ಶೇಕಡ 5.3, ಆ ವರ್ಷದ ಒಟ್ಟು ಲೆಕ್ಕ ಶೇಕಡ 4.5. ಹೆಚ್ಚುಕಮ್ಮಿ ಒಂದೇ.

ಯಾಕೆ ಈ ವ್ಯತ್ಯಾಸ? ಬೈಂಡಿಂಗ್ ಇದ್ರೆ ಕಾಲೇಜಿಗೆ ಲಾಭ ಇದೆ, ನೂರು ಸೀಟು ಕೊಟ್ರೆ ಹೆಚ್ಚುಕಮ್ಮಿ ನೂರೂ ಜನ ಬರ್ತಾರೆ, ಲೆಕ್ಕ ಪಕ್ಕಾ, ಏಡ್ ಬೇಡದವರು ಎಷ್ಟಿದಾರೆ ಅಂತಾನೂ ಬೇಗ ಗೊತ್ತಾಗತ್ತೆ. ಆ ನಿಶ್ಚಿತತೆಗೆ ಕಾಲೇಜು ಒಂದು ಬೆಲೆ ಕೊಡತ್ತೆ, ಅದೇ ನಿಮಗೆ ಸಿಗೋ ಅನುಕೂಲ. ಇದು ಸುಳ್ಳಲ್ಲ. ಹಿಂದೆ ಹಾರ್ವರ್ಡಿನ ಕೆಲವು ಪರಿಣಿತರು ಹಲವು ಕಾಲೇಜುಗಳ ಸಾವಿರಾರು ಅಪ್ಲಿಕೇಶನ್ ನೋಡಿ 2003ರಲ್ಲಿ ಪ್ರಕಟ ಮಾಡಿದ ಲೆಕ್ಕದಲ್ಲಿ, ಬೇಗ ಹಾಕೋದರಿಂದ ಸಿಗೋ ಅನುಕೂಲ ಎಸ್ಎಟಿ ಅನ್ನೋ ಪ್ರವೇಶ ಪರೀಕ್ಷೇಲಿ ಸುಮಾರು 100 ಮಾರ್ಕ್ಸ್ ಜಾಸ್ತಿ ತೆಗೆದಷ್ಟು ಅಂತ ಬಂತು. ಹಾರ್ವರ್ಡ್ ಮತ್ತೆ ಪ್ರಿನ್ಸ್‌ಟನ್ ಇದು ಅನ್ಯಾಯ ಅಂತ ಒಪ್ಕೊಂಡು 2006ರಲ್ಲಿ ಅರ್ಲಿ ಪದ್ಧತಿನೇ ಬಿಟ್ರು. ಆಗ ಹಾರ್ವರ್ಡ್ ನಡೆಸ್ತಿದ್ದ ಡೆರೆಕ್ ಬಾಕ್, ಈಗಾಗ್ಲೇ ಅನುಕೂಲ ಇರೋರಿಗೇ ಇದರಿಂದ ಇನ್ನಷ್ಟು ಅನುಕೂಲ ಅನ್ನೋ ಅರ್ಥದ ಮಾತು ಹೇಳಿದ್ರು. ಬೇರೆ ದೊಡ್ಡ ಕಾಲೇಜುಗಳು ಹೆಚ್ಚೇನೂ ಹಿಂಬಾಲಿಸ್ಲಿಲ್ಲ, 2011ರಲ್ಲಿ ಇಬ್ರೂ ವಾಪಸ್ ಶುರು ಮಾಡಿದ್ರು. ನಂಗೆ ಕೇಳಿದ್ರೆ ಅವತ್ತು ಬಾಕ್ ಹೇಳಿದ್ದು ಇವತ್ತಿಗೂ ಸರಿ. ಬೆಲೆ ನೋಡದೆ ಸಹಿ ಹಾಕಕ್ಕೆ ಆಗೋದು ಯಾರಿಗೆ? ದುಡ್ಡಿರೋರಿಗೆ.

ಆದ್ರೆ 14.4 ಅನ್ನೋದು ನಿಮ್ಮ ಮಗುವಿನ ಶೇಕಡಾವಾರು ಅಲ್ಲ. ಆ 898ರಲ್ಲಿ ಕೋಚ್‌ಗಳು ಮೊದ್ಲೇ ಆರಿಸಿಟ್ಟ ಕ್ರೀಡಾಪಟುಗಳು ಇದಾರೆ, ಒಂದೊಂದು ಐವಿ ಕಾಲೇಜಲ್ಲೂ ವರ್ಷಕ್ಕೆ ನೂರಕ್ಕಿಂತ ಜಾಸ್ತಿ ಅಂಥವ್ರು ಇರ್ತಾರೆ, ಅವರಲ್ಲಿ ಬಹುಪಾಲು ಅರ್ಲಿಲೇ ಬರೋದು. ಅಪ್ಪ-ಅಮ್ಮ ಅಲ್ಲೇ ಓದಿದ ಲೆಗಸಿ ಮಕ್ಕಳು, ಅಲ್ಲಿನ ಪ್ರೊಫೆಸರ್ ಮಕ್ಕಳು ಇದಾರೆ. ಅವರನ್ನೆಲ್ಲ ತೆಗೆದ್ರೆ ಉಳಿದವರಿಗೆ ಅನುಕೂಲ ಇದೆ, ಆದ್ರೆ ನಾಲ್ಕು ಪಟ್ಟು ಖಂಡಿತ ಇಲ್ಲ. ಎಂಐಟಿ ಲೆಗಸಿ ನೋಡಲ್ಲ, ಬೈಂಡಿಂಗೂ ಇಲ್ಲ, ಅದಕ್ಕೇ ಅಲ್ಲಿ ಎರಡೂ ನಂಬರ್ ಹತ್ತಿರ ಇರೋದು. ಇನ್ನೊಂದು, ಮಾಮೂಲಿಯಾಗಿ ಸಿಗೋ ಸಾಧ್ಯತೆ ಇರೋ ಮಗುಗೆ ಅರ್ಲಿ ಸಹಾಯ ಮಾಡತ್ತೆ, ಸಾಧ್ಯತೆನೇ ಇಲ್ಲದ ಕಡೆ ಅರ್ಲಿ ಹಾಕಿದ್ರೆ ಉತ್ತರ ಬೇಗ ಬರತ್ತೆ ಅಷ್ಟೇ.

ಮಗುವಿನ ಅಪ್ಲಿಕೇಶನ್ ನವೆಂಬರಲ್ಲಿ ಎಷ್ಟು ಗಟ್ಟಿ ಇದೆ ಅನ್ನೋದನ್ನೂ ನೋಡಿ. ಒಂಬತ್ತು ಹತ್ತರಲ್ಲಿ ಮಾರ್ಕ್ಸ್ ಕಡಿಮೆ ಬಂದು ಈಗ ಮೇಲೆ ಬರ್ತಿರೋ ಮಗುಗೆ ಹನ್ನೆರಡನೇ ಕ್ಲಾಸಿನ ಮೊದಲ ಸೆಮಿಸ್ಟರ್ ತುಂಬ ಮುಖ್ಯ, ಅದು ಜನವರಿಗೇ ಕಾಲೇಜಿನ ಕೈಗೆ ಸಿಗೋದು. ಎಸ್ಎಟಿ ಥರದ ಪರೀಕ್ಷೆ ಮತ್ತೆ ಕಡ್ಡಾಯ ಮಾಡಿರೋ ಕಡೆ, ಎಂಐಟಿ 2022ರಲ್ಲೇ ಮಾಡ್ತು, ಯೇಲ್, ಬ್ರೌನ್, ಡಾರ್ಟ್‌ಮತ್, ಹಾರ್ವರ್ಡ್ 2024ರಲ್ಲಿ ಘೋಷಣೆ ಮಾಡಿದ್ವು, ಅಂಥ ಕಡೆ ಅರ್ಲಿಗೆ ಸಾಮಾನ್ಯವಾಗಿ ಅಕ್ಟೋಬರ್ ಪರೀಕ್ಷೆನೇ ಕೊನೇ ಅವಕಾಶ. ಅರ್ಧಂಬರ್ಧ ಎಸ್ಸೇ ಇಟ್ಕೊಂಡು ಗಡುವಿಗೆ ಓಡೋದಕ್ಕಿಂತ ಎರಡು ತಿಂಗಳು ಕಾಯೋದು ವಾಸಿ.

ಇಷ್ಟು ಆದ್ಮೇಲೆ ಪ್ರಶ್ನೆಗಳು ಬಂದ್ವು.

ಬೆಂಗಳೂರಿಂದ ಒಬ್ರು ತಾಯಿ ಕೇಳಿದ್ರು, ಮಗ ಸೆಕೆಂಡ್ ಪಿಯು, ಕಾಲೇಜಲ್ಲಿ ಕೌನ್ಸೆಲರ್ ಅಂತ ಯಾರೂ ಇಲ್ಲ, ಏನ್ಮಾಡೋದು ಅಂತ. ಅಮ್ಮಾ, ಅರ್ಲಿ ಡಿಸಿಷನ್ ಒಪ್ಪಂದಕ್ಕೆ ಮೂರು ಸಹಿ ಬೇಕು, ಮಗಂದು, ನಿಮ್ಮದು, ಶಾಲೆ ಕೌನ್ಸೆಲರದ್ದು. ಪಿಯು ಕಾಲೇಜಲ್ಲಿ ಆ ಕೆಲಸ ಪ್ರಿನ್ಸಿಪಾಲರೋ ಒಬ್ರು ಲೆಕ್ಚರರೋ ಮಾಡ್ಬೇಕಾಗತ್ತೆ, ಕಾಮನ್ ಆಪಲ್ಲಿ ಅವರ ಇಮೇಲ್ ಕೊಟ್ರೆ ಅವರಿಗೇ ಲಿಂಕ್ ಹೋಗತ್ತೆ. ಎಷ್ಟೋ ಪ್ರಿನ್ಸಿಪಾಲರಿಗೆ ಇದು ಹೊಸದು, ಇಮೇಲ್ ಸ್ಪ್ಯಾಮಲ್ಲಿ ಕೂತಿರತ್ತೆ. ಆಗಸ್ಟಲ್ಲೇ ಹೋಗಿ ಎದುರಿಗೆ ಕೂತು, ಇದು ಬೈಂಡಿಂಗ್, ನೀವು ಏನಕ್ಕೆ ಸಹಿ ಹಾಕ್ತಿದೀರಿ ಅಂತ ವಿವರಿಸಿ, ಒಂಬತ್ತನೇ ಕ್ಲಾಸಿಂದ ಫಸ್ಟ್ ಪಿಯು ತನಕದ ಮಾರ್ಕ್ಸ್ ಕಾರ್ಡ್ ಎಲ್ಲ ಜೋಡಿಸಿ ಕೊಡಿ. ಆ ಸಹಿಗೆ ಬೆಲೆ ಇದೆ, ನಿಮ್ಮ ಮಗ ಸೀಟ್ ತಗೊಂಡು ಮಾತು ಮುರಿದ್ರೆ ಮುಂದಿನ ವರ್ಷ ಅದೇ ಪಿಯು ಕಾಲೇಜಿಂದ ಹಾಕೋ ಇನ್ನೊಬ್ಬ ಹುಡುಗನ ಮೇಲೆ ಅನುಮಾನ ಬರತ್ತೆ. ಆ ತಾಯಿ ಜೆಇಇ ಬಗ್ಗೆನೂ ಕೇಳಿದ್ರು. ಡಿಸೆಂಬರಲ್ಲಿ ಸಿಕ್ಕಿದ್ರೆ ಜನವರಿಯ ಜೆಇಇ ಮೇನ್ ಬಿಡಬಹುದು, ಸಿಇಟಿನೂ ಬಿಡಬಹುದು, ಸೆಕೆಂಡ್ ಪಿಯು ಪರೀಕ್ಷೆ ಮಾತ್ರ ಚೆನ್ನಾಗೇ ಬರೀಬೇಕು, ಮಾರ್ಕ್ಸ್ ತೀರಾ ಕೆಳಗೆ ಬಿದ್ರೆ ಸೀಟ್ ವಾಪಸ್ ತಗೊಳೋ ಹಕ್ಕು ಅವರಿಗಿದೆ. ಡಿಸೆಂಬರ್‌ಗಿಂತ ಮುಂಚೆ ಕೋಚಿಂಗ್ ಬಿಡಿಸ್ಬೇಡಿ.

ಇನ್ನೊಬ್ರು ಕೇಳಿದ್ದು ಡಿಫರ್ ಬಗ್ಗೆ. ಡಿಫರ್ ಅಂದ್ರೆ ಈಗ ಹೌದೂ ಅನ್ನಲ್ಲ ಇಲ್ಲಾನೂ ಅನ್ನಲ್ಲ, ರೆಗ್ಯುಲರ್ ಗುಂಪಲ್ಲಿ ಮತ್ತೆ ನೋಡ್ತೀವಿ ಅಂತ. ಹಾರ್ವರ್ಡಲ್ಲಿ ಅರ್ಲಿ ಹಾಕಿದವರಲ್ಲಿ ಬಹುಪಾಲು ಜನಕ್ಕೆ ಇದೇ ಉತ್ತರ, ಹಾಗಾಗಿ ಅದನ್ನ ದೊಡ್ಡ ಭರವಸೆ ಅಂತ ತಗೋಬೇಡಿ. ಸ್ಟ್ಯಾನ್‌ಫರ್ಡ್ ಡಿಫರ್ ಮಾಡೋದು ಕಮ್ಮಿ, ಬಹುಪಾಲು ಅಲ್ಲೇ ತೀರ್ಮಾನ. ಬೈಂಡಿಂಗ್ ಕಾಲೇಜಿಂದ ಡಿಫರ್ ಆದ್ರೆ ಒಪ್ಪಂದ ಅಲ್ಲಿಗೆ ಮುಗೀತು, ಮಾರ್ಚಲ್ಲಿ ಸಿಕ್ಕಿದ್ರೂ ಸೇರ್ಲೇಬೇಕು ಅಂತಿಲ್ಲ. ಇನ್ನೂ ಅಲ್ಲೇ ಇಷ್ಟ ಇದ್ರೆ ಜನವರಿಲಿ ಒಂದು ಪುಟ್ಟ ಲೆಟರ್ ಬರೀಲಿ, ಹೊಸ ಮಾರ್ಕ್ಸ್, ಹೊಸದಾಗಿ ಮಾಡಿದ್ದು ಏನಾದ್ರೂ ಇದ್ರೆ ಅದಷ್ಟೇ.

ಹನ್ನೊಂದನೇ ಕ್ಲಾಸಿನ ಹುಡುಗ ಒಬ್ಬ ಕೊನೇಲಿ ಎದ್ದು ಕೇಳಿದ, ಅಂಕಲ್, ಡಿಸೆಂಬರಲ್ಲಿ ಇಲ್ಲ ಅಂದ್ರೆ ಆಮೇಲೆ ಟೈಮೇ ಇರಲ್ವಲ್ಲ ಅಂತ. ಸರಿಯಾಗಿ ಹಿಡಿದ ಅವನು. 15ಕ್ಕೆ ಉತ್ತರ ಬಂದ್ರೆ ಜನವರಿ 1ಕ್ಕೆ ಎರಡು ವಾರ, ಮನಸ್ಸು ಕುಗ್ಗಿರತ್ತೆ, ಶಾಲೆಗೆ ರಜ, ಕೌನ್ಸೆಲರ್ ಫೋನ್ ಎತ್ತಲ್ಲ. ಅದಕ್ಕೇ ಉಳಿದ ಏಳೆಂಟು ಕಾಲೇಜಿನ ಎಸ್ಸೇ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜದಲ್ಲೇ ಬರೆದು ಮುಗಿಸಿ ಇಟ್ಕೋಬೇಕು, ಸಿಕ್ಕಿದ್ರೆ ಕಳಿಸೋದು ಬೇಡ, ಅಷ್ಟೇ ತಾನೇ. ಯೂನಿವರ್ಸಿಟಿ ಆಫ್ ಶಿಕಾಗೋ, ವ್ಯಾಂಡರ್‌ಬಿಲ್ಟ್, ಜಾನ್ಸ್ ಹಾಪ್ಕಿನ್ಸ್, ಟಫ್ಟ್ಸ್, ಎಮೊರಿ, ಎನ್‌ವೈಯು ಥರದ ಕಡೆ ಜನವರಿ ಮೊದಲ ವಾರದ ಹೊತ್ತಿಗೆ ಅರ್ಲಿ ಡಿಸಿಷನ್ ಎರಡು ಅಂತ ಇನ್ನೊಂದು ಬೈಂಡಿಂಗ್ ಸುತ್ತು ಇದೆ, ಉತ್ತರ ಫೆಬ್ರವರಿ ಮಧ್ಯದಲ್ಲಿ. ಡಿಸೆಂಬರ್ 16ರ ಬೇಜಾರಲ್ಲಿ ಆ ಸಹಿ ಹಾಕ್ಬೇಡಿ. ಅದಕ್ಕೂ ಕ್ಯಾಲ್ಕುಲೇಟರ್ ಲೆಕ್ಕ ಆಗಸ್ಟಲ್ಲೇ ಮಾಡಿಟ್ಟಿದ್ರೆ, ಮಗು ಅಲ್ಲಿನ ಕೋರ್ಸ್ ಪಟ್ಟಿ ಓದಿದ್ರೆ, ಆಗ ಹಾಕಿ. ಇಲ್ಲ ಅಂದ್ರೆ ರೆಗ್ಯುಲರಲ್ಲಿ ಎಲ್ಲ ಕಳಿಸಿ, ಮಾರ್ಚ್ ತನಕ ಕಾಯಿರಿ.